ಐದು ವರ್ಷದ ಮಗಳು, 68ರ ಅತ್ತೆ, ಜೊತೆಗೆ ಝಿಪ್‌ಲೈನ್: ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ: ನಾವು ಭದ್ರಾವತಿಯವರು. ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ರಜೆ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗಾ ಹಿನ್ನೀರಿನ ಹತ್ತಿರ ಇರುವ ಒಂದು ರೆಸಾರ್ಟಿಗೆ ಒಂದು ದಿನ ಹೋಗೋಣ ಅಂತಿದ್ದೇವೆ. ಝಿಪ್‌ಲೈನ್ (ತಂತಿಗೆ ಜೋತು ಜಾರಿ ಹೋಗುವುದು), ಕಯಾಕ್ (ನಾವೇ ಹುಟ್ಟು ಹಾಕುವ ಚಿಕ್ಕ ದೋಣಿ), ಹಗ್ಗದ ಸೇತುವೆ, ಎಟಿವಿ ಬೈಕ್, ಈಜುಕೊಳ, ರೇನ್ ಡ್ಯಾನ್ಸ್ ಎಲ್ಲಾ ಸೇರಿ ಪ್ಯಾಕೇಜಿನಲ್ಲಿ ಹದಿನಾಲ್ಕು ಆಟ ಇವೆ. ಮಗನಿಗೆ 11 ವರ್ಷ, 31 ಕೆ.ಜಿ. ಇದ್ದಾನೆ. ಮಗಳಿಗೆ 5. ನಮ್ಮ ಯಜಮಾನರು 98 ಕೆ.ಜಿ., ಬಿಪಿ ಮಾತ್ರೆ ತಗೋತಾರೆ. ಅತ್ತೆಗೆ 68, ಮಂಡಿನೋವು ಇದೆ. ಯಾರಿಗೂ ಈಜು ಬರಲ್ಲ. ಇದೆಲ್ಲ ಸೇಫಾ? ಸಂಜೆ ಹಾಗೇ ಜೋಗಕ್ಕೂ ಹೋಗಿ ಬರಬಹುದಾ? ಅತ್ತೆಯನ್ನು ಕರೆದುಕೊಂಡು ಹೋಗೋದಾ, ಬೇಡವಾ?

ಉತ್ತರ: ಹೋಗಿ. ಅತ್ತೆಯನ್ನೂ ಕರೆದುಕೊಂಡೇ ಹೋಗಿ. ಆದರೆ ಜೋಗವನ್ನು ಆ ದಿನದ ಪಟ್ಟಿಯಿಂದ ತೆಗೆದುಹಾಕಿ. ಹದಿನಾಲ್ಕು ಆಟದಲ್ಲಿ ಹತ್ತನ್ನು ಮರೆತುಬಿಡಿ.

ಜೋಗದ ಮಾತು ಮೊದಲು ಮುಗಿಸಿಬಿಡೋಣ. ನೀವು ಹೋಗುತ್ತಿರುವುದು ತೀರ್ಥಹಳ್ಳಿ ರಸ್ತೆಗೆ. ಜೋಗ ಇರುವುದು ಸಾಗರದ ಆಚೆ, ಶಿವಮೊಗ್ಗದಿಂದ ಸುಮಾರು 100 ಕಿ.ಮೀ. ದೂರದಲ್ಲಿ. ಡಿಸೆಂಬರಿನಲ್ಲಿ ಆರು ಗಂಟೆ ದಾಟಿತು ಅಂದರೆ ಕತ್ತಲು. ಒದ್ದೆ ಬಟ್ಟೆಯ, ದಣಿದ ಮಕ್ಕಳನ್ನು ಎರಡೂವರೆ ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಕತ್ತಲಲ್ಲಿ ತೆಳ್ಳಗೆ ಬೀಳುವ ನೀರನ್ನು ನೋಡಿ ಬರುವುದರಲ್ಲಿ ಏನೂ ಸುಖ ಇಲ್ಲ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈತುಂಬಿ ಬೀಳುವುದನ್ನು ನೋಡಬೇಕು ಅಂದರೆ ಜುಲೈ, ಆಗಸ್ಟಿನಲ್ಲಿ ಅದಕ್ಕೇ ಅಂತ ಒಂದು ದಿನ ಇಟ್ಟು ಹೋಗಿ.

ಈಗ ಆಟಗಳ ವಿಷಯ. ನಾನು ಹದಿನೆಂಟು ವರ್ಷದಿಂದ ಜನರಿಗೆ ಹಗ್ಗದ ಆಟ, ನೀರಿನ ಆಟ ಆಡಿಸುವ ಕೆಲಸದಲ್ಲಿದ್ದೇನೆ. ಹೊಸಬರಿಗೆ ತರಬೇತಿಯನ್ನೂ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಮನೆಮಂದಿಯೆಲ್ಲಾ ಬಂದಾಗ ಪ್ರತಿ ಸಲ ಕಾಣುವ ಒಂದು ಸಂಗತಿ ಇದೆ. ಬೆಳಿಗ್ಗೆ ಎಲ್ಲರೂ ನಗುನಗುತ್ತಾ ಬರುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಅಪ್ಪನೋ ಅಮ್ಮನೋ ಕೈಯಲ್ಲಿ ಪ್ಯಾಕೇಜಿನ ಆಟಗಳ ಚೀಟಿ ಹಿಡಿದು, ಇನ್ನೂ ಆರು ಆಟ ಬಾಕಿ ಇದೆ, ಬೇಗ ಬನ್ನಿ, ದುಡ್ಡು ಕೊಟ್ಟಿದ್ದೀವಿ ಅಂತ ಮಕ್ಕಳನ್ನು ಎಳೆದುಕೊಂಡು ಓಡಾಡುತ್ತಾರೆ. ನಾನು ಕಂಡ ಗಾಯಗಳಲ್ಲಿ ಹೆಚ್ಚಿನವು ಆಗಿದ್ದು ಮೂರರಿಂದ ಐದು ಗಂಟೆಯ ಒಳಗೆ. ಕಾಲು ಸೋತಿರುತ್ತದೆ. ಗಮನ ಬೇರೆ ಕಡೆ ಇರುತ್ತದೆ. ಆಟ ಆಡಿಸುವ ಹುಡುಗರಿಗೂ ಸುಸ್ತಾಗಿರುತ್ತದೆ. ದಯವಿಟ್ಟು ಆ ಚೀಟಿಯನ್ನು ಊಟದ ತಟ್ಟೆಯ ಹಾಗೆ ನೋಡಬೇಡಿ. ಬಿಟ್ಟರೆ ಏನೂ ದಂಡ ಆಗಲ್ಲ.

ಒಳ್ಳೆ ಜಾಗವನ್ನು ಗುರುತಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಪ್ರಶ್ನೆಯ ಒಳಗೆ ಅದೇ ಇದೆ. ಬುಕ್ ಮಾಡುವ ಮೊದಲು ಫೋನ್ ಮಾಡಿ, ಇಲ್ಲಿ ನನಗೆ ಬರೆದಿದ್ದನ್ನೇ ಅವರಿಗೂ ಹೇಳಿ: ಮಗ 31 ಕೆ.ಜಿ., ಮಗಳಿಗೆ 5 ವರ್ಷ, ಯಜಮಾನರು 98 ಕೆ.ಜಿ. ಮತ್ತು ಬಿಪಿ, ಅತ್ತೆಗೆ ಮಂಡಿನೋವು, ಯಾರಿಗೂ ಈಜು ಬರಲ್ಲ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. 'ಏನೂ ತೊಂದ್ರೆ ಇಲ್ಲ ಮೇಡಂ, ಎಲ್ರೂ ಎಲ್ಲಾನೂ ಮಾಡಬಹುದು' ಅಂತ ಒಂದೇ ಉಸಿರಲ್ಲಿ ಹೇಳಿದರೆ ಆ ಜಾಗ ಬೇಡ. 'ಪಾಪುಗೆ ಇದು ಆಗಲ್ಲ, ಮಗನನ್ನ ಇಲ್ಲಿ ಬಂದ ಮೇಲೆ ತೂಕ ಹಾಕಿ ನೋಡ್ತೀವಿ, ಅಜ್ಜಿಗೆ ಮೆಟ್ಟಿಲು ಜಾಸ್ತಿ ಆಗತ್ತೆ' ಅಂತ ಹೇಳಿದರೆ ಅಲ್ಲಿಗೆ ಹೋಗಿ. ಬೇಡ ಅನ್ನುವ ಧೈರ್ಯ ಇದೆಯಾ ಅನ್ನುವುದೇ ನನಗೆ ಮುಖ್ಯ. ಬಂದ ಗಿರಾಕಿಗೆ ಬೇಡ ಅನ್ನುವುದು ಸುಲಭ ಅಲ್ಲ. ಅದನ್ನು ಹೇಳಬೇಕು ಅಂದರೆ ಅವರ ಹತ್ತಿರ ಒಂದು ನಿಯಮ ಇರಬೇಕು, ಆ ನಿಯಮಕ್ಕೆ ಕಾರಣ ಗೊತ್ತಿರಬೇಕು, ಮಾಲೀಕರ ಬೆಂಬಲವೂ ಇರಬೇಕು.

ಆಟ ಆಡಿಸುವವರು ಎಲ್ಲಿ ಕಲಿತವರು ಅಂತಲೂ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಬೆಟ್ಟ ಹತ್ತುವುದಕ್ಕೆ, ಹಗ್ಗದ ಕೆಲಸಕ್ಕೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ. ನೀರಿಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಎಲ್ಲರೂ ಅಲ್ಲೇ ಕಲಿತಿರಬೇಕು ಅಂತಿಲ್ಲ. ಆದರೆ ತಂಡದಲ್ಲಿ ಒಬ್ಬರಾದರೂ ಹೀಗೆ ಕಲಿತವರು ಇದ್ದು, ಉಳಿದವರು ಅವರ ಕೈಕೆಳಗೆ ಪಳಗಿದ್ದರೆ ನನಗೆ ಸಮಾಧಾನ.

ಝಿಪ್‌ಲೈನ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗ ಕೇಳುವುದು ಅದನ್ನೇ.

ಎಲ್ಲರೂ ಹೆದರುವುದು ದಪ್ಪ ಇರುವವರ ಬಗ್ಗೆ, ತಂತಿ ತಡೆಯುತ್ತಾ ಅಂತ. ನನಗೆ ಚಿಂತೆ ಆಗುವುದು ತೆಳ್ಳಗಿನ ಮಕ್ಕಳ ಬಗ್ಗೆ. ಎರಡು ಕಂಬದ ನಡುವೆ ತಂತಿ ಎಷ್ಟೇ ಬಿಗಿಯಾಗಿ ಕಟ್ಟಿದರೂ, ಬಟ್ಟೆ ಒಣಗಿಸುವ ಹಗ್ಗದ ಹಾಗೆ, ನಡುವೆ ಸ್ವಲ್ಪ ಜೋತುಬೀಳುತ್ತದೆ. ಆ ತಗ್ಗು ಸಾಮಾನ್ಯವಾಗಿ ಇಳಿಯುವ ಕಟ್ಟೆಗಿಂತ ಮುಂಚೆಯೇ ಬರುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ದೂರ ಏರು. ಭಾರ ಇರುವವರು ಬಂದ ವೇಗದಲ್ಲೇ ಆ ಏರನ್ನು ದಾಟಿಬಿಡುತ್ತಾರೆ. ಹಗುರ ಇರುವ ಮಗುವಿಗೆ ಎದುರು ಗಾಳಿ ಹೊಡೆದರೆ ವೇಗ ಸಾಯುತ್ತದೆ. ಮಗು ಕಟ್ಟೆ ತಲುಪದೆ ಹಿಂದಕ್ಕೆ ಜಾರಿ ತಗ್ಗಿನಲ್ಲಿ ನಿಂತುಬಿಡುತ್ತದೆ. ಅದಕ್ಕೇ ಒಂದೊಂದು ತಂತಿಗೂ ಗರಿಷ್ಠ ತೂಕದ ಜೊತೆ ಕನಿಷ್ಠ ತೂಕವೂ ಇರುತ್ತದೆ. ಹೆಚ್ಚಿನ ಕಡೆ ಕನಿಷ್ಠ 30ರಿಂದ 35 ಕೆ.ಜಿ., ಗರಿಷ್ಠ 100ರಿಂದ 110 ಕೆ.ಜಿ. ಇಡುತ್ತಾರೆ. ನಿಮ್ಮ ಮನೆಯಲ್ಲಿ ಮಗ ಈ ಕಡೆಯ ಅಂಚಿನಲ್ಲಿ, ಅಪ್ಪ ಆ ಕಡೆಯ ಅಂಚಿನಲ್ಲಿ ಇದ್ದಾರೆ.

ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗ ಇದ್ದ ಜಾಗದಲ್ಲಿ, 24 ಕೆ.ಜಿ.ಯ ಒಬ್ಬ ಹುಡುಗನನ್ನು ತಂತಿಗೆ ಕಳಿಸಿದ್ದೆ. ಅಲ್ಲಿನ ಕನಿಷ್ಠ 30 ಇತ್ತು. ಅವರಪ್ಪ ಅಷ್ಟು ದೂರದಿಂದ ಬಂದಿದ್ದೀವಿ ಅಂದರು. ನಮ್ಮ ಮೇಲಿನವರು ಪರವಾಗಿಲ್ಲ ಕಳಿಸು ಅಂದರು. ಕಳಿಸಿದ್ದು ನಾನೇ. ಹುಡುಗ ನಡುವೆ ನಿಂತುಹೋದ. ನಾನು ತಂತಿಯ ಮೇಲೆ ಕೈಯಿಂದ ಎಳೆದುಕೊಂಡು ಹೋಗಿ ಅವನನ್ನು ಕರೆತರಲು ಹತ್ತು ನಿಮಿಷ ಬೇಕಾಯಿತು. ಅವನಿಗೆ ಏನೂ ಪೆಟ್ಟಾಗಲಿಲ್ಲ. ಆದರೆ ಕೆಳಗೆ ನಿಂತ ಅಷ್ಟೂ ಜನ ತಲೆ ಎತ್ತಿ ನೋಡುತ್ತಿದ್ದರು. ಕೆಲವರು ಮೊಬೈಲ್ ಹಿಡಿದಿದ್ದರು. ಅವನು ಅಳುತ್ತಿದ್ದದ್ದು ಭಯಕ್ಕಲ್ಲ, ನಾಚಿಕೆಗೆ. ಆ ದಿನ ಅವನು ಮತ್ತೆ ಯಾವ ಆಟಕ್ಕೂ ಬರಲಿಲ್ಲ. ಅಮ್ಮನ ಪಕ್ಕ ಕೂತೇ ಇದ್ದ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಅವತ್ತಿನಿಂದ ತೂಕದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಹಾಗಾಗಿ ಮಗನನ್ನು ಅಲ್ಲೇ ತೂಕ ಹಾಕಿಸಿ. ಅವರು ಆಗಲ್ಲ ಅಂದರೆ ವಾದ ಮಾಡಬೇಡಿ. ಮನೆಯಿಂದ ಹೊರಡುವ ಮೊದಲೇ ಅವನಿಗೆ ಹೇಳಿಬಿಡಿ: ತೂಕ ಸಾಲದಿದ್ದರೆ ಈ ಸಲ ಇಲ್ಲ, ಇನ್ನೊಂದು ವರ್ಷಕ್ಕೆ ಖಂಡಿತ. ಮೊದಲೇ ಗೊತ್ತಿದ್ದರೆ ಮಕ್ಕಳು ಒಪ್ಪುತ್ತಾರೆ. ಅಲ್ಲಿ ಸಾಲಿನಲ್ಲಿ ನಿಂತ ಮೇಲೆ ಹೇಳಿದರೆ ಮನಸ್ಸು ಒಡೆಯುತ್ತದೆ.

ಮಗಳಿಗೆ ದೊಡ್ಡ ಝಿಪ್‌ಲೈನ್ ಬೇಡವೇ ಬೇಡ. ತೂಕ ಒಂದು ಕಾರಣ, ಸೊಂಟ ಇನ್ನೊಂದು. ದೊಡ್ಡವರಿಗೆ ಕಟ್ಟುವ ಹಾರ್ನೆಸ್, ಅಂದರೆ ತಂತಿಗೆ ನಮ್ಮನ್ನು ಜೋಡಿಸುವ ಪಟ್ಟಿಗಳ ಕಟ್ಟು, ಸೊಂಟಕ್ಕೂ ತೊಡೆಗೂ ಬರುತ್ತದೆ. ಐದು ವರ್ಷದ ಮಕ್ಕಳಿಗೆ ಅದನ್ನು ಹಿಡಿದುಕೊಳ್ಳುವಷ್ಟು ಸೊಂಟ ಇನ್ನೂ ಬೆಳೆದಿರಲ್ಲ. ತಲೆಕೆಳಗಾದರೆ ಜಾರಿ ಹೊರಗೆ ಬರುವ ಅಪಾಯ ಇದೆ. ಚಿಕ್ಕ ಮಕ್ಕಳಿಗೆ ಭುಜದ ಮೇಲಿಂದಲೂ ಬರುವ, ಇಡೀ ಮೈಗೆ ಕಟ್ಟುವ ಹಾರ್ನೆಸ್ಸೇ ಬೇಕು. ಕೆಲವು ಕಡೆ ಮಕ್ಕಳಿಗೆ ಅಂತಲೇ ಆಳೆತ್ತರದ, ಚಿಕ್ಕ ತಂತಿ ಇರುತ್ತದೆ. ಮೈಪೂರ್ತಿ ಹಾರ್ನೆಸ್ ಇದ್ದರೆ ಅಲ್ಲಿ ಆಡಲಿ. ಅಮ್ಮನ ತೊಡೆ ಮೇಲೆ ಕೂರಿಸಿ ಕಳಿಸ್ತೀವಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ವಾಪಸ್ ಬನ್ನಿ.

ಯಜಮಾನರ ವಿಷಯ. ಬಿಪಿ ಹತೋಟಿಯಲ್ಲಿದ್ದರೆ, ಡಾಕ್ಟರು ಬೇಡ ಅನ್ನದಿದ್ದರೆ, ಝಿಪ್‌ಲೈನ್ ಮಾಡಬಹುದು. ಆ ದಿನದ ಮಾತ್ರೆಯನ್ನು ಪ್ರಯಾಣದ ಗಡಿಬಿಡಿಯಲ್ಲಿ ಬಿಡಬಾರದು. ತಿಂಡಿ ತಿಂದ ತಕ್ಷಣ ಹಾರ್ನೆಸ್ ಕಟ್ಟಿಸಿಕೊಳ್ಳಬಾರದು. ಮೊದಲಿಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಬಿಪಿ, ಅಸ್ತಮಾ, ಫಿಟ್ಸ್, ಬೆನ್ನುನೋವು, ಆಪರೇಷನ್ ಅಂತ ಕೇಳಿರುತ್ತಾರೆ. ತುಂಬಾ ಜನ ಓದದೆ ಎಲ್ಲದಕ್ಕೂ ಇಲ್ಲ ಅಂತ ಗೀಚುತ್ತಾರೆ. ನಿಜ ಬರೆಯಿರಿ. ಅದನ್ನು ನೋಡಿಯೇ ನಮ್ಮಂಥವರು ಯಾರನ್ನು ಹೇಗೆ ಕಟ್ಟಬೇಕು, ಎಲ್ಲಿ ಹತ್ತಿರ ನಿಲ್ಲಬೇಕು ಅಂತ ತೀರ್ಮಾನ ಮಾಡುವುದು.

ಸಾಮಾನು ಹೇಗಿದೆ ಅಂತ ನೋಡಲು ನೀವು ಎಂಜಿನಿಯರ್ ಆಗಬೇಕಿಲ್ಲ. ಹಾರ್ನೆಸ್ಸಿನ ಒಳಗಡೆ ಒಂದು ಚೀಟಿ ಹೊಲಿದಿರುತ್ತದೆ, ಅದರಲ್ಲಿ ತಯಾರಾದ ವರ್ಷ ಇರುತ್ತದೆ. ಬಟ್ಟೆ, ಪಟ್ಟಿ, ಹಗ್ಗದ ಸಾಮಾನಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಗರಿಷ್ಠ ಆಯಸ್ಸು 10 ವರ್ಷ. ದಿನಾ ಬಿಸಿಲು ಮಳೆ ತಿನ್ನುವ ರೆಸಾರ್ಟಿನಲ್ಲಿ ಅದಕ್ಕಿಂತ ಬಹಳ ಮೊದಲೇ ಬದಲಾಯಿಸಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಣಿಚೀಲದಿಂದ ಚಪ್ಪಲಿವರೆಗೆ ಎಲ್ಲಾ ಬೂಷ್ಟು ಹಿಡಿಯುತ್ತದೆ. ಸಾಮಾನನ್ನು ಒಣಗಿಸಿ ಇಡದಿದ್ದರೆ ಇದೂ ಹಾಗೇ ಕೆಡುತ್ತದೆ. ಹೊಲಿಗೆ ಬಿಟ್ಟಿದ್ದರೆ, ಪಟ್ಟಿ ಬಣ್ಣಗೆಟ್ಟು ನಾರುನಾರಾಗಿದ್ದರೆ ಹಾಕಿಕೊಳ್ಳಬೇಡಿ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿ, ಅದು ಕಣ್ಣಿನ ಮೇಲೆ ಬರಬಾರದು. ತಂತಿಗೆ ಸಿಕ್ಕಿಸುವ ಕೊಂಡಿಗೆ ತಿರುಗಿಸಿ ಬೀಗ ಹಾಕುವ ವ್ಯವಸ್ಥೆ ಇರಬೇಕು. ಮುಖ್ಯ ಕೊಂಡಿಯ ಜೊತೆಗೆ ಇನ್ನೊಂದು ಆಧಾರದ ಪಟ್ಟಿಯೂ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಾನು ನೋಡುವುದು ಆ ಹುಡುಗರ ಕೈ. ಕಟ್ಟಿದವನೇ ಕಳಿಸುತ್ತಾನಾ, ಅಥವಾ ಇನ್ನೊಬ್ಬ ಬಂದು ಪ್ರತಿ ಬಕಲ್ಲನ್ನೂ ಎಳೆದು ನೋಡಿ ಆಮೇಲೆ ಕಳಿಸುತ್ತಾನಾ? ನಿಮ್ಮ ಮುಂದಿನ ಐದು ಜನಕ್ಕೆ ಹೇಗೆ ಮಾಡುತ್ತಾರೆ ಅಂತ ನಿಂತು ನೋಡಿ. ಐದನೆಯವರಿಗೂ ಎಳೆದು ನೋಡಿದರೆ ನಂಬಬಹುದು.

ಹಗ್ಗದ ಸೇತುವೆ ಮಗನಿಗೆ ಚೆನ್ನಾಗಿರುತ್ತದೆ, ಮೇಲಿನ ಮಾತೇ ಅದಕ್ಕೂ ಸಾಕು. ರೇನ್ ಡ್ಯಾನ್ಸ್ ಡಿಸೆಂಬರಿನಲ್ಲಿ ಯಾಕೆ? ಬಿಡಿ.

ಎಟಿವಿ ಬೈಕ್ ಮಾತ್ರ ಮಕ್ಕಳಿಗೆ ಖಂಡಿತ ಬೇಡ. ನಾಲ್ಕು ಚಕ್ರ ಇದೆ, ಬೀಳಲ್ಲ ಅಂದುಕೊಳ್ಳುತ್ತಾರೆ. ಆದರೆ ಅದು ಪಲ್ಟಿ ಹೊಡೆಯುವ ಗಾಡಿ, ಬಿದ್ದರೆ ಇನ್ನೂರು ಮುನ್ನೂರು ಕೆ.ಜಿ. ಮೈಮೇಲೆ ಬರುತ್ತದೆ. ದೊಡ್ಡ ಎಟಿವಿಯನ್ನು 16 ವರ್ಷದ ಒಳಗಿನವರು ಓಡಿಸಬಾರದು ಅಂತ ತಯಾರಕರೇ ಗಾಡಿಯ ಮೇಲೆ ಬರೆದಿರುತ್ತಾರೆ. ಒಬ್ಬರ ಗಾಡಿಯಲ್ಲಿ ಇಬ್ಬರು ಕೂರಬಾರದು ಅಂತಲೂ ಬರೆದಿರುತ್ತಾರೆ. ಆದರೂ ಮಗುವನ್ನು ಮುಂದೆ ಕೂರಿಸಿಕೊಂಡು ಹೋಗುವ ಅಪ್ಪಂದಿರನ್ನು ವಾರಕ್ಕೊಮ್ಮೆ ನೋಡುತ್ತೇನೆ. ನೋಡಿದಾಗಲೆಲ್ಲ ಹೊಟ್ಟೆ ತಳಮಳ ಆಗುತ್ತದೆ.

ಇನ್ನು ನೀರು. ಯಾರಿಗೂ ಈಜು ಬರಲ್ಲ ಅಂತ ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗೆ ನಿಮ್ಮ ಇಡೀ ಪ್ರಶ್ನೆಯಲ್ಲಿ ಭಾರವಾಗಿ ಕಂಡದ್ದು ಅದೇ ಸಾಲು. ಝಿಪ್‌ಲೈನಿನಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಸರಿ ಮಾಡಲು ಸಮಯ ಇರುತ್ತದೆ. ನೀರಿನಲ್ಲಿ ಇರಲ್ಲ.

ಈಜು ಬರದವರು ಕಯಾಕ್ ಮಾಡಬಾರದು ಅಂತಲ್ಲ. ಲೈಫ್ ಜಾಕೆಟ್ ಸರಿಯಾಗಿದ್ದರೆ, ಪಕ್ಕದಲ್ಲಿ ಕಾಪಾಡುವವರ ದೋಣಿ ಇದ್ದರೆ, ದಂಡೆಯ ಹತ್ತಿರವೇ ಇದ್ದರೆ, ಮಾಡಬಹುದು. ಹಾಗಾದರೆ ಜಾಕೆಟ್ ಸರಿಯಾಗಿದೆ ಅಂತ ಹೇಗೆ ಗೊತ್ತಾಗಬೇಕು? ಒಳ್ಳೆ ಜಾಕೆಟ್ಟಿನ ಒಳಗೆ ಎಷ್ಟು ಭಾರದವರಿಗೆ ಅಂತ ಬರೆದಿರುತ್ತದೆ, ಜೊತೆಗೆ ತೇಲಿಸುವ ಶಕ್ತಿ 50 ನ್ಯೂಟನ್, 100 ನ್ಯೂಟನ್ ಅಂತ ಇರುತ್ತದೆ. 50 ಅಂದರೆ ಈಜು ಬರುವವರಿಗೆ, ಸಹಾಯ ಹತ್ತಿರ ಇರುವಾಗ. ಈಜು ಬರದವರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಮುಖ ನೀರಿನಿಂದ ಮೇಲೆ ಇರುವ ಹಾಗೆ ಮೈಯನ್ನು ತಿರುಗಿಸಿ ಹಿಡಿಯಲು ಅಷ್ಟು ಶಕ್ತಿ ಬೇಕಾಗುತ್ತದೆ. ಆಮೇಲೆ ಒಳಗಿನ ಫೋಮನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದ್ದು ಹಾಗೇ ಕುಳಿ ಬಿದ್ದಿದ್ದರೆ ಅದು ಸತ್ತ ಜಾಕೆಟ್.

ಮಕ್ಕಳಿಗೆ ಹಾಕಿದ ಮೇಲೆ ಒಂದು ಪರೀಕ್ಷೆ ತಪ್ಪಿಸಲೇಬೇಡಿ. ಎಲ್ಲಾ ಬಕಲ್ ಹಾಕಿ, ಪಟ್ಟಿ ಬಿಗಿದು, ಜಾಕೆಟ್ಟಿನ ಎರಡೂ ಭುಜವನ್ನು ಹಿಡಿದು ಮಗುವನ್ನು ಮೇಲಕ್ಕೆ ಎತ್ತಿ. ಜಾಕೆಟ್ ಕಿವಿಯವರೆಗೆ ಏರಿದರೆ, ಗದ್ದ ಒಳಗೆ ಹೋದರೆ, ಅದು ದೊಡ್ಡದಾಯಿತು. ನೀರಿಗೆ ಬಿದ್ದಾಗಲೂ ಹಾಗೇ ಆಗುವುದು, ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಐದು ವರ್ಷದವರ ಜಾಕೆಟ್ಟಿಗೆ ಎರಡು ಕಾಲಿನ ನಡುವಿನಿಂದ ಬರುವ ಪಟ್ಟಿ ಇರಬೇಕು. ಅದು ಇಲ್ಲದಿದ್ದರೆ, ಮಗಳ ಅಳತೆಯದು ಇಲ್ಲದಿದ್ದರೆ, ಅವಳನ್ನು ದೋಣಿಗೆ ಹತ್ತಿಸಬೇಡಿ. ದೊಡ್ಡವರದನ್ನೇ ಹಗ್ಗದಿಂದ ಬಿಗಿದು ಕಟ್ಟಿಕೊಡುವುದನ್ನು ನಾನು ಕಂಡಿದ್ದೇನೆ. ಹಾಗೆ ಕಟ್ಟಿದ್ದು ನೀರಿನಲ್ಲಿ ಉಪಯೋಗಕ್ಕೆ ಬರಲ್ಲ.

ಹೊತ್ತು ಕೂಡ ಮುಖ್ಯ. ಹಿನ್ನೀರು ಬೆಳಿಗ್ಗೆ ಕನ್ನಡಿಯ ಹಾಗೆ ಇರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಹೊಸಬರ ದೋಣಿಯನ್ನು ದಂಡೆಯಿಂದ ಆಚೆಗೆ ತಳ್ಳುತ್ತದೆ. ಹುಟ್ಟು ಹಾಕಿ ಅಭ್ಯಾಸ ಇಲ್ಲದವರು ವಾಪಸ್ ಬರಲು ಒದ್ದಾಡುತ್ತಾರೆ. ಆದ್ದರಿಂದ ನೀರಿನ ಆಟ ಊಟದ ಮೊದಲು. ಯಾವತ್ತಾದರೂ ನೀವು ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡು ಕಡೆ ಹೋದರೆ ಇನ್ನೊಂದು ವಿಷಯ ನೆನಪಿರಲಿ. 1964ರಲ್ಲಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಿ ನೀರಿನ ಕೆಳಗೆ ಇನ್ನೂ ಇವೆ, ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುತ್ತವೆ. ದಂಡೆಯಿಂದ ಧುಮುಕುವುದು ಅಲ್ಲಿ ಎಷ್ಟು ಈಜು ಬಂದರೂ ಸಲ್ಲದು.

ಈಜುಕೊಳದಲ್ಲಿ ಅಪಾಯ ಕಡಿಮೆ ಅಂತ ಎಲ್ಲರೂ ಮೈಮರೆಯುತ್ತಾರೆ. ಮುಳುಗುವ ಮಗು ಕೂಗಲ್ಲ. ಕೈ ಬೀಸಲ್ಲ. ಬಾಯಿ ನೀರಿನ ಮಟ್ಟದಲ್ಲೇ ಇರುತ್ತದೆ, ಉಸಿರು ಎಳೆದುಕೊಳ್ಳುವುದೇ ಕಷ್ಟ ಆಗಿರುವಾಗ ಕೂಗಲು ಉಸಿರೆಲ್ಲಿ? ಪಕ್ಕದಲ್ಲಿ ನಿಂತವರಿಗೂ ಆಟ ಆಡ್ತಿದೆ ಅನಿಸುತ್ತದೆ. ನಿಮ್ಮಲ್ಲಿ ಒಬ್ಬರು ಕಾವಲು. ಅವರ ಕೈಯಲ್ಲಿ ಮೊಬೈಲ್ ಇರಬಾರದು, ಕಣ್ಣು ನೀರಿನ ಮೇಲೆ ಇರಬೇಕು, ಇಪ್ಪತ್ತು ನಿಮಿಷಕ್ಕೆ ಇನ್ನೊಬ್ಬರು ಬದಲಾಯಿಸಬೇಕು. ನಾವೆಲ್ಲರೂ ಇಲ್ಲೇ ಇದ್ದೀವಲ್ಲ ಅನ್ನುವ ಕಡೆ ಯಾರೂ ನೋಡುತ್ತಿರುವುದಿಲ್ಲ. ತೋಳಿಗೆ ಹಾಕುವ ಗಾಳಿ ಬಳೆ, ಬಾತುಕೋಳಿ ಟ್ಯೂಬು ಆಟದ ಸಾಮಾನು, ಕಾಪಾಡುವ ಸಾಮಾನಲ್ಲ. ಮಗಳಿಂದ ಕೈಯಳತೆಗಿಂತ ದೂರ ಹೋಗಬೇಡಿ. ಡಿಸೆಂಬರಿನ ನೀರು ತಣ್ಣಗಿರುತ್ತದೆ, ಮಕ್ಕಳ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ತುಟಿ ನೀಲಿಯಾದರೆ, ಹಲ್ಲು ಕಟಕಟ ಅಂದರೆ, ಅವರು ಎಷ್ಟೇ ಬೇಡ ಅಂದರೂ ಹೊರಗೆ ಕರೆದು ಒರೆಸಿ.

ಇದು ಬೇಕಾಗದಿರಲಿ, ಆದರೂ ಹೇಳುತ್ತೇನೆ. ನೀರಿನಿಂದ ಎತ್ತಿದವರನ್ನು ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದು ತಪ್ಪು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯವಾದ ಸಮಯವೂ ಹೋಗುತ್ತದೆ. ಉಸಿರು ನಿಂತಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೊದಲು ಬಾಯಿಯಿಂದ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು ಕೊಡುವುದು, ಮತ್ತೆ 30, ಮತ್ತೆ 2, ಆಂಬುಲೆನ್ಸ್ ಬರುವವರೆಗೂ. 108ಕ್ಕೆ ಇನ್ನೊಬ್ಬರು ಫೋನ್ ಮಾಡಬೇಕು. ಆ ರಸ್ತೆಯಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗಲ್ಲ. ರೆಸಾರ್ಟಿಗೆ ಕಾಲಿಟ್ಟ ತಕ್ಷಣ ಯಾರ ಫೋನಿಗೆ ಸಿಗ್ನಲ್ ಬರುತ್ತದೆ, ಎಲ್ಲಿ ನಿಂತರೆ ಬರುತ್ತದೆ ನೋಡಿಕೊಳ್ಳಿ. ದೊಡ್ಡ ಆಸ್ಪತ್ರೆ ಅಂದರೆ ಶಿವಮೊಗ್ಗದ ಮೆಗ್ಗಾನ್.

ಇನ್ನೊಂದು ವಿಷಯವನ್ನು ರೆಸಾರ್ಟಿನ ಜಾಹೀರಾತಿನಲ್ಲಿ ಯಾರೂ ಹಾಕಲ್ಲ. ಡಿಸೆಂಬರಿನಲ್ಲಿ ಉಂಬಳದ ಕಾಟ ಇರಲ್ಲ, ಅದು ಮಳೆಗಾಲದ್ದು, ಕಚ್ಚಿದರೂ ಒಂದಿಷ್ಟು ರಕ್ತ ಹೋಗುತ್ತದೆ ಅಷ್ಟೇ. ಆದರೆ ನವೆಂಬರಿನಿಂದ ಮೇವರೆಗೆ ಉಣುಗಿನ ಕಾಲ, ಬಯಲುಸೀಮೆಯವರು ಉಣ್ಣೆ ಅನ್ನುತ್ತಾರಲ್ಲ, ಅದು. ಮಂಗನ ಕಾಯಿಲೆ ಬರುವುದು ಅದರಿಂದ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು, ಆ ಕಾಡಿನ ಹೆಸರೇ ಕಾಯಿಲೆಗೂ ಬಂತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಅಂತ ಈ ಕಡೆಯವರು ಯಾರೂ ಮರೆತಿಲ್ಲ. ಹೆದರಿಸಲು ಹೇಳುತ್ತಿಲ್ಲ. ಹುಲ್ಲು ಕತ್ತರಿಸಿದ ಅಂಗಳದಲ್ಲಿ, ನೀರಿನ ದಂಡೆಯಲ್ಲಿ ಇರುವವರಿಗೆ ಅಪಾಯ ತೀರಾ ಕಡಿಮೆ. ಕಾಡಿನೊಳಗೆ ನಡೆಸಿಕೊಂಡು ಹೋಗುವ ಟ್ರೆಕ್ಕಿಂಗ್ ಪ್ಯಾಕೇಜಿನಲ್ಲಿ ಇದ್ದರೆ ಮಾತ್ರ, ಈ ತಿಂಗಳಲ್ಲಿ ಮಕ್ಕಳ ಜೊತೆ ಬೇಡ ಅಂತ ನಾನು ಹೇಳುತ್ತೇನೆ. ಹೋಗಲೇಬೇಕು ಅಂದರೆ ಉದ್ದ ಪ್ಯಾಂಟು, ಅದನ್ನು ಸಾಕ್ಸಿನ ಒಳಗೆ ತುರುಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲ ಹಚ್ಚಿಕೊಳ್ಳಿ. ಮಗಳಿಗೆ ಹಚ್ಚುವ ಮೊದಲು ಡಾಕ್ಟರನ್ನು ಕೇಳಿ. ತರಗೆಲೆಯ ಮೇಲೆ ಕೂರಬೇಡಿ. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ರೆಸಾರ್ಟಿನವರಿಗೆ ಹೇಳಿ. ಮನೆಗೆ ಬಂದ ತಕ್ಷಣ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿನಲ್ಲಿ ನೆನೆಸಿ. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡಿ. ಮುಂದಿನ ಒಂದೆರಡು ವಾರದಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರಿಗೆ ಕಾಡಿನ ಕಡೆ ಹೋಗಿದ್ದೆವು ಅಂತ ಮೊದಲ ಮಾತಿನಲ್ಲೇ ಹೇಳಿ.

ನಾನಾಗಿದ್ದರೆ ದಿನವನ್ನು ಹೀಗೆ ಇಟ್ಟುಕೊಳ್ಳುತ್ತಿದ್ದೆ. ಏಳು ಗಂಟೆಗೆ ಭದ್ರಾವತಿ ಬಿಡುವುದು. ಶಿವಮೊಗ್ಗದಿಂದ 14 ಕಿ.ಮೀ. ಹೋದರೆ ಅದೇ ರಸ್ತೆಯಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಬೆಳಿಗ್ಗೆ ಮಾವುತರು ಆನೆಗಳನ್ನು ತುಂಗೆಯ ನೀರಿಗೆ ಇಳಿಸಿ ಮೈ ಉಜ್ಜುತ್ತಾರೆ. ಆನೆ ಪಕ್ಕಕ್ಕೆ ವಾಲಿ ಮಲಗಿ, ಸೊಂಡಿಲು ಮಾತ್ರ ಮೇಲೆ ಎತ್ತಿಕೊಂಡು, ಕಣ್ಣು ಅರ್ಧ ಮುಚ್ಚಿರುತ್ತದೆ. ಐದು ವರ್ಷದವರಿಗೂ 68 ವರ್ಷದವರಿಗೂ ಒಂದೇ ಸಮ ಖುಷಿ ಕೊಡುವುದು ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಮಾವುತರು ಹೇಳಿದಷ್ಟೇ ದೂರದಲ್ಲಿ ನಿಲ್ಲಿ. ಒಂದು ಗಂಟೆ ಸಾಕು. ಹತ್ತರ ಹೊತ್ತಿಗೆ ರೆಸಾರ್ಟ್, ಮೊದಲು ದೋಣಿ, ಆಮೇಲೆ ಮಗನ ತೂಕ ಸರಿಯಿದ್ದರೆ ಝಿಪ್‌ಲೈನ್, ಇಲ್ಲದಿದ್ದರೆ ಹಗ್ಗದ ಸೇತುವೆ. ಬಿಸಿಲು ಏರಿದ ಮೇಲೆ ಸ್ವಲ್ಪ ಹೊತ್ತು ಈಜುಕೊಳ. ಊಟ. ಊಟಕ್ಕೆ ಪನೀರು, ನೂಡಲ್ಸ್ ಕೇಳುವ ಬದಲು ಕಡುಬು, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಇದೆಯಾ ಕೇಳಿ, ಇದ್ದರೆ ಅದನ್ನೇ ತಿನ್ನಿ. ಊಟದ ಮೇಲೆ ಏನೂ ಬೇಡ. ಮಕ್ಕಳು ಮರದ ಕೆಳಗೆ ಉಯ್ಯಾಲೆ ಆಡಲಿ, ನೀವು ಒಂದು ಗಂಟೆ ಕಣ್ಣು ಮುಚ್ಚಿ. ನಾಲ್ಕೂವರೆಗೆ ಹೊರಡಿ. ದಾರಿಯಲ್ಲಿ ಮಂಡಗದ್ದೆಗೆ ಹೋಗೋಣ ಅಂತ ಯಾರಾದರೂ ಅಂದರೆ, ಅಲ್ಲಿ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಆಗ ಬನ್ನಿ.

ಅತ್ತೆಯ ಬಗ್ಗೆ. ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಕಾರು ನಿಲ್ಲಿಸುವ ಜಾಗದಿಂದ ಊಟದ ಮನೆಗೆ, ಅಲ್ಲಿಂದ ಶೌಚಾಲಯಕ್ಕೆ, ಅಲ್ಲಿಂದ ನೀರಿನ ದಂಡೆಗೆ ಎಷ್ಟೆಷ್ಟು ಮೆಟ್ಟಿಲು? ಮಲೆನಾಡಿನಲ್ಲಿ ಸಮತಟ್ಟು ಜಾಗ ಕಡಿಮೆ, ರೆಸಾರ್ಟುಗಳೆಲ್ಲ ಇಳಿಜಾರಿನಲ್ಲೇ ಇರುತ್ತವೆ. ಮಂಡಿನೋವಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ನಲವತ್ತು ಮೆಟ್ಟಿಲು ಅಂದರೆ ಆ ಜಾಗ ಅವರಿಗೆ ಆಗಲ್ಲ. ದಂಡೆಯವರೆಗೆ ಜೀಪು ಹೋಗುತ್ತದೆ ಅಂದರೆ ಆಯಿತು. ಶೌಚಾಲಯ ಕುರ್ಚಿಯ ಥರದ್ದಾ ಅಂತಲೂ ಕೇಳಿ, ಸಂಕೋಚ ಬೇಡ, ಅವರು ಇಡೀ ದಿನ ನೀರು ಕುಡಿಯದೆ ಕೂರುವುದು ಇದೇ ಕಾರಣಕ್ಕೆ.

ಆಟದಲ್ಲಿ ಅವರಿಗೂ ಒಂದು ಇದೆ. ಹರಿಗೋಲು. ಅಂಬಿಗರು ಹುಟ್ಟು ಹಾಕುವ, ದಂಡೆಗೆ ತಾಗಿಕೊಂಡು ಹೋಗುವ, ಎಲ್ಲರಿಗೂ ಜಾಕೆಟ್ ಕೊಡುವ ಹರಿಗೋಲಾದರೆ ಅವರನ್ನು ಹತ್ತಿಸಿ. ಹತ್ತುವಾಗ ಒಬ್ಬರು ಬುಟ್ಟಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿರಲಿ. ಅತ್ತೆ ಅಂಚಿನ ಮೇಲಲ್ಲ, ನಡುವೆ, ತಳದಲ್ಲಿ, ಕಾಲು ಚಾಚಿ ಕೂರಲಿ, ಕೆಳಗೆ ಒಂದು ಮಡಚಿದ ಕಂಬಳಿ ಹಾಕಿ. ಜಾಕೆಟ್ ಸರಿಯಾಗಿ ಕೂತರೆ ಮೊಮ್ಮಗಳು ಅವರ ಎದುರಿಗೆ ಕೂರಲಿ, ಯಜಮಾನರು ಆ ಕಡೆ, ನೀವು ಈ ಕಡೆ, ಭಾರ ಸಮ ಆಗುತ್ತದೆ. ಗರಗರ ತಿರುಗಿಸಬೇಡಿ ಅಂತ ಅಂಬಿಗರಿಗೆ ಮೊದಲೇ ಹೇಳಿಬಿಡಿ.